ಐರಿಶ್ ಸೆಟ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಡಬ್ಲಿನ್ನಿನ ಪಾರ್ಕುಗಳಲ್ಲಿ ನಮ್ಮ ಕೆಂಪು ನಾಯಿಯನ್ನು ಕಂಡು ನಿಲ್ಲುವ ಕನ್ನಡಿಗರು ಕೇಳುವುದೂ, ಫೋಟೊ ನೋಡಿ ಊರಿನವರು ಫೋನಿನಲ್ಲಿ ಕೇಳುವುದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳು. ಅವನ್ನೆಲ್ಲ ಇಲ್ಲಿ ಒಟ್ಟುಮಾಡಿ ಉತ್ತರಿಸಿದ್ದೇನೆ. ಈ ನಾಯಿಯ ಬಣ್ಣಕ್ಕೆ ಮರುಳಾಗಿ ಮರಿ ತಂದವರು ಬಹಳ. ಯಾವ ಕೆಲಸಕ್ಕೆಂದು ಅದನ್ನು ಬೆಳೆಸಿದರು ಎಂದು ತಿಳಿದು ತಂದವರು ಕಡಿಮೆ. ಅದಕ್ಕೇ ಕೆಲಸದ ವಿಚಾರಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಐರಿಶ್ ಸೆಟ್ಟರ್ ನೋಡಲು ಹೇಗಿರುತ್ತದೆ?

ಎತ್ತರದ, ಉದ್ದ ಕಾಲಿನ, ತೆಳು ಮೈಕಟ್ಟಿನ ನಾಯಿ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಒಪ್ಪಿದ ಮಾನದಂಡದ ಪ್ರಕಾರ ಗಂಡು 58ರಿಂದ 67 ಸೆಂಟಿಮೀಟರ್, ಹೆಣ್ಣು 55ರಿಂದ 62 ಸೆಂಟಿಮೀಟರ್ ಎತ್ತರ ಇರಬೇಕು. ಮೈಬಣ್ಣ ಹೊಳೆಯುವ ಕಂದುಗೆಂಪು, ಅದರಲ್ಲಿ ಕಪ್ಪಿನ ಸುಳಿವೂ ಇರಕೂಡದು. ಎದೆ, ಗಂಟಲು, ಗದ್ದ, ಕಾಲ್ಬೆರಳುಗಳ ಮೇಲೆ ಚೂರು ಬಿಳಿ ಇದ್ದರೆ ಅಡ್ಡಿಯಿಲ್ಲ, ಹಣೆಯ ಮೇಲೆ ಸಣ್ಣ ಬಿಳಿ ಬೊಟ್ಟಿದ್ದರೂ ನಡೆಯುತ್ತದೆ. ಕಿವಿ, ಹೊಟ್ಟೆ, ಕಾಲಿನ ಹಿಂಭಾಗ ಮತ್ತು ಬಾಲದಲ್ಲಿ ರೇಷ್ಮೆಯಂಥ ಉದ್ದ ಕೂದಲು ಇಳಿಬಿದ್ದಿರುತ್ತದೆ. ಐರ್ಲೆಂಡಿನ ಸರ್ಕಾರಿ ಬಸ್ಸು ಹತ್ತಿದವರು ಈ ನಾಯಿಯನ್ನು ಆಗಲೇ ಕಂಡಿದ್ದಾರೆ. ಬಸ್ ಏರನ್ ಸಂಸ್ಥೆಯ ಲಾಂಛನದಲ್ಲಿ ಓಡುತ್ತಿರುವುದು ಇದೇ.

ಬೇಟೆಯಲ್ಲಿ ಇದು ಮಾಡುವ ಕೆಲಸ ಏನು? ಹಕ್ಕಿಯನ್ನು ಹಿಡಿಯುತ್ತದೆಯೇ?

ಹಿಡಿಯುವುದಿಲ್ಲ. ಹಿಡಿಯಹೋದರೆ ಅದು ಕೆಟ್ಟ ಸೆಟ್ಟರ್. ಹಕ್ಕಿ ಎಲ್ಲಿ ಅಡಗಿದೆ ಎಂದು ಮೂಗಿನಿಂದ ಪತ್ತೆಹಚ್ಚಿ, ಅದನ್ನು ಎಬ್ಬಿಸದೆ, ಒಡೆಯ ಬರುವವರೆಗೂ ನಿಂತು ತೋರಿಸುವುದಷ್ಟೇ ಇದರ ಕೆಲಸ.

ಐರ್ಲೆಂಡಿನ ಬೆಟ್ಟಗಳ ಮೇಲಿನ ಜೌಗು ಬಯಲಿನಲ್ಲಿ, ಹೆದರ್ ಎಂಬ ಕುರುಚಲು ಗಿಡಗಳ ನಡುವೆ ಗ್ರೌಸ್ ಹಕ್ಕಿಗಳು ಇರುತ್ತವೆ. ನಮ್ಮ ಗೌಜಲಕ್ಕಿಯ ದೂರದ ಸಂಬಂಧಿಗಳು ಇವು. ಅಪಾಯ ಹತ್ತಿರ ಬಂದಾಗ ಗ್ರೌಸ್ ತಕ್ಷಣ ಹಾರುವುದಿಲ್ಲ, ತನ್ನ ಮೈಬಣ್ಣವನ್ನು ನಂಬಿ ನೆಲಕ್ಕೆ ಅಂಟಿ ಕೂರುತ್ತದೆ. ಮನುಷ್ಯನ ಕಣ್ಣಿಗೆ ಅದು ಕಾಣದು, ಆದರೆ ಅದರ ವಾಸನೆಯನ್ನು ಗಾಳಿ ಒಯ್ಯುತ್ತಿರುತ್ತದೆ. ಹಗ್ಗ ಬಿಚ್ಚಿದ ಸೆಟ್ಟರ್ ಗಾಳಿಗೆ ಎದುರಾಗಿ, ಒಡೆಯನ ಮುಂದೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬಯಲನ್ನು ಗುಡಿಸಿದಂತೆ ಓಡುತ್ತ ಹೋಗುತ್ತದೆ. ಮೂಗು ನೆಲದಲ್ಲಿರುವುದಿಲ್ಲ. ಹೆಜ್ಜೆಯ ಜಾಡನ್ನಲ್ಲ, ಗಾಳಿಯಲ್ಲಿ ಬರುವ ವಾಸನೆಯನ್ನು ಹುಡುಕುವುದರಿಂದ ತಲೆ ಎತ್ತಿಯೇ ಓಡುತ್ತದೆ. ವಾಸನೆ ಸಿಕ್ಕಿತೋ, ಅಷ್ಟು ವೇಗದ ಓಟ ಒಮ್ಮೆಗೇ ನಿಲ್ಲುತ್ತದೆ. ಮೈಯೆಲ್ಲ ಬಿಗಿ, ಕುತ್ತಿಗೆ ಮುಂದಕ್ಕೆ, ಬಾಲ ನೇರ, ಕೆಲವೊಮ್ಮೆ ಒಂದು ಮುಂಗಾಲು ಮೇಲೆ. ಪಾಯಿಂಟರ್ ತಳಿಯ ನಾಯಿಗಳು ಸೆಟೆದು ನಿಂತರೆ ಸೆಟ್ಟರ್‌ಗಳು ಎಷ್ಟೋ ಸಲ ಮೈಯನ್ನು ತಗ್ಗಿಸಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಗ್ಗಿ ನಿಲ್ಲುತ್ತವೆ.

ಜೊತೆಗೆ ಇನ್ನೊಂದು ನಾಯಿ ಓಡುತ್ತಿದ್ದರೆ ಅದು ಇದನ್ನು ನೋಡಿದ ಕೂಡಲೇ ತಾನಿದ್ದಲ್ಲೇ ನಿಂತುಬಿಡುತ್ತದೆ. ತನಗೆ ವಾಸನೆ ಸಿಗದಿದ್ದರೂ ಮೊದಲ ನಾಯಿಯ ಮಾತನ್ನು ನಂಬಿ ನಿಲ್ಲುವುದು ಅದು. ಇದನ್ನು ಮೊದಲ ಸಲ ಕಂಡಾಗ ಮೈ ಜುಮ್ಮೆನ್ನುತ್ತದೆ. ಆಮೇಲೆ ಬಂದೂಕಿನವನು ಬರುತ್ತಾನೆ, ಅಪ್ಪಣೆ ಸಿಕ್ಕಮೇಲೆ ನಾಯಿ ಒಂದೊಂದೇ ಹೆಜ್ಜೆ ಮುಂದಿಡುತ್ತದೆ, ಹಕ್ಕಿ ಏಳುತ್ತದೆ. ಎದ್ದ ಹಕ್ಕಿಯ ಹಿಂದೆ ಓಡದೆ ನಾಯಿ ಅಲ್ಲೇ ಕೂರಬೇಕು. ಕಲಿಸುವುದರಲ್ಲಿ ಅತಿ ಕಷ್ಟದ್ದು ಇದೇ. ಬಿದ್ದ ಹಕ್ಕಿಯನ್ನು ತರುವ ಕೆಲಸವನ್ನು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಲ್ಯಾಬ್ರಡಾರ್‌ನಂಥ ಬೇರೆ ನಾಯಿಗೆ ಬಿಡುತ್ತಾರೆ.

ಹಕ್ಕಿ ವಿರಳವಾದ ವಿಶಾಲ ಬಯಲಿನಲ್ಲಿ ಗಂಟೆಗಟ್ಟಲೆ ಓಡಬಲ್ಲ ನಾಯಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿಕೊಂಡು ಬಂದರು. ಮನೆಯಲ್ಲಿ ಸಾಕಿದವರು ಹೇಳುವ ‘ಸುಸ್ತೇ ಆಗುವುದಿಲ್ಲ’ ಎಂಬ ದೂರಿನ ಬೇರು ಅಲ್ಲಿದೆ.

ಬಂದೂಕು ಬರುವ ಮೊದಲು ಹೇಗೆ ಬೇಟೆಯಾಡುತ್ತಿದ್ದರು?

ಬಲೆಯಿಂದ. ನಾಯಿ ಹಕ್ಕಿಗಳ ಗುಂಪಿನ ಮುಂದೆ ನೆಲಕ್ಕೆ ಅಡಗಿ ಕೂರುತ್ತಿತ್ತು, ಬೇಟೆಗಾರರು ಅದರ ಮೇಲಿಂದಲೇ ಬಲೆ ಎಳೆದು ಹಕ್ಕಿಗಳನ್ನು ಮುಚ್ಚುತ್ತಿದ್ದರು. ಮೈ ತಗ್ಗಿಸುವ ಇಂದಿನ ಅಭ್ಯಾಸ ಆ ಕಾಲದ್ದು.

ಮೊದಲಿನಿಂದಲೂ ಇದು ಪೂರ್ತಿ ಕೆಂಪೇ?

ಅಲ್ಲ. 18ನೇ ಶತಮಾನದ ಐರ್ಲೆಂಡಿನಲ್ಲಿ ಹೆಚ್ಚಿನ ಸೆಟ್ಟರ್‌ಗಳು ಬಿಳಿ ಮೈಮೇಲೆ ಕೆಂಪು ಮಚ್ಚೆಯವು. ಜೌಗಿನ ಕಂದು ಬಣ್ಣದ ನಡುವೆ ದೂರದಿಂದ ಕಾಣಲು ಬಿಳಿ ಅನುಕೂಲ. 19ನೇ ಶತಮಾನದಲ್ಲಿ ಎನಿಸ್ಕಿಲನ್‌ನ ಅರ್ಲ್‌ನಂಥ ಕೆಲವು ಜಮೀನ್ದಾರರು ಪೂರ್ತಿ ಕೆಂಪು ನಾಯಿಗಳನ್ನಷ್ಟೇ ಇಟ್ಟುಕೊಂಡರು. ನಾಯಿಗಳ ಪ್ರದರ್ಶನಗಳು ಶುರುವಾದ ಮೇಲೆ ಕೆಂಪೇ ಗೆದ್ದಿತು. 1882ರಲ್ಲಿ ಡಬ್ಲಿನ್ನಿನಲ್ಲಿ ಐರಿಶ್ ರೆಡ್ ಸೆಟ್ಟರ್ ಕ್ಲಬ್ ಹುಟ್ಟಿತು, 1886ರಲ್ಲಿ ತಳಿಯ ಮಾನದಂಡ ಒಪ್ಪಿತವಾಯಿತು.

ಈ ಚರಿತ್ರೆಯಲ್ಲಿ ಹೇಳಲೇಬೇಕಾದ ನಾಯಿ ಪಾಮರ್‌ಸ್ಟನ್, 1862ರಲ್ಲಿ ಹುಟ್ಟಿದ್ದು. ಉದ್ದವಾದ ಕಿರಿದಾದ ತಲೆ, ನಾಜೂಕು ಮೈ. ಟಿರೋನ್ ಸೀಮೆಯ ಅದರ ಒಡೆಯ ಸೆಸಿಲ್ ಮೂರ್, ಈ ನಾಯಿ ಬೇಟೆಗೆ ಬಾಳದು, ನೀರಿನಲ್ಲಿ ಮುಳುಗಿಸಿಬಿಡಿ ಎಂದು ಆಳಿಗೆ ಹೇಳಿದ್ದರಂತೆ. ದಾರಿಯಲ್ಲಿ ಕಂಡ ಹಿಲಿಯಾರ್ಡ್ ಎಂಬ ನಾಯಿಪ್ರೇಮಿ ಅದನ್ನು ಬೇಡಿ ಪಡೆದರು, ಪ್ರದರ್ಶನಕ್ಕೆ ಒಯ್ದರು. ಅದು ಗೆಲ್ಲುತ್ತಾ ಹೋಯಿತು, ಮರಿಗಳ ಮೇಲೆ ಮರಿಗಳಿಗೆ ತಂದೆಯಾಯಿತು. ಇಂದಿನ ಐರಿಶ್ ಸೆಟ್ಟರ್‌ನ ನೀಳ ಮುಖದ ಮೂಲಪುರುಷ ಎಂದು ತಳಿಯವರು ಇದನ್ನೇ ನೆನೆಯುತ್ತಾರೆ. ಒಂದು ಜೀವ ಉಳಿದದ್ದು ಒಳ್ಳೆಯದೇ. ಆದರೆ ಬೇಟೆಗಾರ ಬೇಡವೆಂದ ಮೈಕಟ್ಟು ಪ್ರದರ್ಶನದ ಕಟ್ಟೆಯಲ್ಲಿ ಮಾದರಿಯಾಯಿತು, ಚೆಲುವು ಒಂದು ದಾರಿ, ಕೆಲಸ ಒಂದು ದಾರಿ ಹಿಡಿಯಲು ಶುರುವಾದದ್ದು ಅಲ್ಲಿಂದ ಎಂದು ನನ್ನ ಎಣಿಕೆ.

ಹಾಗಾದರೆ ಕೆಂಪು-ಬಿಳಿ ನಾಯಿಗಳು ಏನಾದವು?

20ನೇ ಶತಮಾನದ ಹೊತ್ತಿಗೆ ಬಹುತೇಕ ಅಳಿದುಹೋಗಿದ್ದವು. ಮೊದಲ ಮಹಾಯುದ್ಧದ ನಂತರ ನೋಬಲ್ ಹ್ಯೂಸ್ಟನ್ ಎಂಬ ಪಾದ್ರಿ ಉಳಿದಿದ್ದ ಕೆಲವನ್ನು ಹುಡುಕಿ, ಜೋಡಿಮಾಡಿ, ದಾಖಲೆ ಬರೆದಿಟ್ಟು ತಳಿಯನ್ನು ಉಳಿಸಿದರು. ಇಂದು ಅದು ಐರಿಶ್ ರೆಡ್ ಆ್ಯಂಡ್ ವೈಟ್ ಸೆಟ್ಟರ್ ಎಂಬ ಪ್ರತ್ಯೇಕ ತಳಿ. ತುಸು ಗಟ್ಟಿ ಮೈಕಟ್ಟು, ಅಗಲ ತಲೆ. ಸಂಖ್ಯೆ ಈಗಲೂ ಕಡಿಮೆ.

ಪ್ರದರ್ಶನದ ನಾಯಿಗೂ ಬೇಟೆಯ ನಾಯಿಗೂ ವ್ಯತ್ಯಾಸ ಇದೆಯೇ?

ಇದೆ, ಮರಿ ತರುವ ಮುನ್ನ ಇದನ್ನು ತಿಳಿದಿರಬೇಕು. ಪ್ರದರ್ಶನದ ವಂಶದ ನಾಯಿ ದೊಡ್ಡದು, ಕೂದಲು ದಟ್ಟ, ಬಣ್ಣ ಗಾಢ. ಬೇಟೆ ವಂಶದ್ದು ಸಣ್ಣದು, ಹಗುರ, ಕೂದಲು ಕಡಿಮೆ, ಕೆಲಸದ ಹುರುಪು ಹೆಚ್ಚು. ಬ್ರಿಟನ್ನಿನ ಹೆಸರಾಂತ ಕ್ರಫ್ಟ್ಸ್ ಪ್ರದರ್ಶನದಲ್ಲಿ 1981, 1993, 1995, 1999ರಲ್ಲಿ ಸರ್ವಶ್ರೇಷ್ಠ ಪ್ರಶಸ್ತಿ ಐರಿಶ್ ಸೆಟ್ಟರ್‌ಗೇ ಬಂತು. ಆ ಚೆಂದ ನಿಜವಾದದ್ದೇ, ಆದರೆ ಬಯಲಿನ ಓಟಕ್ಕೆ ಆ ಕೂದಲೇ ಭಾರ.

ಅಮೆರಿಕದಲ್ಲಿ ಈ ಒಡಕು ಇನ್ನೂ ಆಳ. ಅಲ್ಲಿ ಪ್ರದರ್ಶನದ ಗೀಳು ಬೇಟೆಯ ಗುಣವನ್ನು ಎಷ್ಟು ತಿಂದಿತೆಂದರೆ, ಕೆಲವರು ಸೇರಿ 1952ರಲ್ಲಿ ಬೇಟೆ ಸ್ಪರ್ಧೆಗೆಂದೇ ಬೇರೆ ಕ್ಲಬ್ ಕಟ್ಟಿದರು, ಇಂಗ್ಲಿಷ್ ಸೆಟ್ಟರ್ ರಕ್ತವನ್ನೂ ಬೆರೆಸಿ ಗುಣವನ್ನು ಮರಳಿ ತರಲು ಹೊರಟರು. ಇನ್ನೊಂದು ಕಡೆ, ಐರಿಶ್ ಸೆಟ್ಟರ್ ನಾಯಕನಾಗಿದ್ದ ಒಂದು ಸಿನಿಮಾ 1962ರಲ್ಲಿ ಬಂತು. ಅಧ್ಯಕ್ಷ ನಿಕ್ಸನ್ ಶ್ವೇತಭವನದಲ್ಲಿ ಕಿಂಗ್ ಟಿಮಾಹೋ ಎಂಬ ಐರಿಶ್ ಸೆಟ್ಟರ್ ಸಾಕಿದರು. 1970ರ ದಶಕದಲ್ಲಿ ಮನೆಮನೆಗೂ ಇದೇ ಬೇಕಾಯಿತು. ಬೇಡಿಕೆ ಕಂಡು ಯಾರ್ಯಾರೋ ಮರಿ ಮಾಡಿಸಿದರು. ತಳಿಗೆ ಅಂಟಿದ ಕೆಟ್ಟ ಹೆಸರಿನ ಬಹುಪಾಲು ಆ ವರ್ಷಗಳದ್ದು.

ಐರ್ಲೆಂಡಿನಲ್ಲಾದರೋ ಬೇಟೆಯ ವಂಶಗಳು ಕಡಿಯದೆ ನಡೆದುಬಂದಿವೆ. ಇಲ್ಲಿನ ಸ್ಪರ್ಧೆಗಳಲ್ಲಿ ನಾಯಿಗಳನ್ನು ಜೋಡಿಜೋಡಿಯಾಗಿ ಬಯಲಿಗೆ ಬಿಡುತ್ತಾರೆ. ವಸಂತದ ಸ್ಪರ್ಧೆಗಳಲ್ಲಿ ಹಕ್ಕಿಗೆ ಗುಂಡು ಹೊಡೆಯುವುದಿಲ್ಲ. ತೋರಿಸಿದ್ದು, ಎಬ್ಬಿಸಿದ್ದು, ಎದ್ದಾಗ ಕೂತದ್ದು, ಇಷ್ಟಕ್ಕೇ ಅಂಕ. ನಾಯಿಯ ನಿಜವಾದ ಚೆಲುವು ನೋಡಬೇಕಾದವರು ಒಮ್ಮೆ ಹೋಗಿ ನೋಡಬೇಕು.

ಇದಕ್ಕೆ ಬುದ್ಧಿ ಕಡಿಮೆಯಂತೆ, ಹೌದೇ?

ಇಲ್ಲ. ನಿಧಾನವಾಗಿ ದೊಡ್ಡದಾಗುವ ನಾಯಿ ಇದು. ಎರಡು, ಮೂರು ವರ್ಷದವರೆಗೂ ಮರಿಯಂತೆಯೇ ಆಡುತ್ತದೆ. ಮೇಲಾಗಿ ಒಡೆಯನಿಂದ ನೂರಾರು ಮೀಟರ್ ದೂರ ಓಡಿ, ತಾನೇ ತೀರ್ಮಾನ ಮಾಡಿ ಕೆಲಸ ನಡೆಸಲು ಬೆಳೆಸಿದ ಪ್ರಾಣಿ. ಪ್ರತಿ ಹೆಜ್ಜೆಗೂ ನಮ್ಮ ಮುಖ ನೋಡುವ ಕುರಿಕಾಯುವ ನಾಯಿಗಳ ಜೊತೆ ಹೋಲಿಸಿ ‘ಮಾತು ಕೇಳಲ್ಲ’ ಎನ್ನುವುದು ಸರಿಯಲ್ಲ.

ಮಕ್ಕಳಿರುವ ಮನೆಗೆ ಒಗ್ಗುತ್ತದೆಯೇ? ಅಜ್ಜ ಅಜ್ಜಿ ಇದ್ದರೆ?

ಮಕ್ಕಳೆಂದರೆ ಪ್ರಾಣ. ಕಚ್ಚುವ, ಗುರ್ರೆನ್ನುವ ಸ್ವಭಾವ ಈ ತಳಿಯದಲ್ಲ. ಆದರೆ 30 ಕಿಲೊ ತೂಗುವ ನಾಯಿ ಖುಷಿಯಿಂದ ಮೈಮೇಲೆ ಹಾರಿದರೆ ಮೂರು ವರ್ಷದ ಮಗು ಬೀಳುತ್ತದೆ, ಊರಿನಿಂದ ಬಂದ ಅಜ್ಜಿಯೂ ಬೀಳುತ್ತಾರೆ. ಬಾಲವಂತೂ ಟೀಪಾಯಿ ಮೇಲಿನ ಕಾಫಿ ಲೋಟವನ್ನು ಒರೆಸಿಕೊಂಡೇ ಹೋಗುತ್ತದೆ. ಹಾರಬಾರದು ಎಂಬುದನ್ನು ಮರಿಯಿದ್ದಾಗಲೇ ಕಲಿಸಿ. ಮನೆಮಂದಿಯೆಲ್ಲ ಒಂದೇ ನಿಯಮ ಪಾಲಿಸಬೇಕು. ಅಪ್ಪ ಬೈದದ್ದಕ್ಕೆ ಅಜ್ಜಿ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಿದರೆ ನಾಯಿ ಅಜ್ಜಿಯ ಮಾತನ್ನೇ ಕಲಿಯುತ್ತದೆ. ಸಣ್ಣ ಮಕ್ಕಳನ್ನೂ ಯಾವುದೇ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ, ಎಷ್ಟು ಸಾಧುವಾದರೂ ಸರಿ.

ಮನೆ ಕಾವಲಿಗೆ?

ಯಾರೋ ಬಂದರೆಂದು ಬೊಗಳಬಹುದು. ಬಂದವರನ್ನು ನೆಕ್ಕುತ್ತದೆ. ಕಾವಲಿಗೆ ಬೇರೆ ತಳಿ ನೋಡಿ.

ದಿನಕ್ಕೆ ಎಷ್ಟು ಓಡಾಡಿಸಬೇಕು?

ಬೆಳೆದ ನಾಯಿಗೆ ದಿನಕ್ಕೆ ಎರಡು ಗಂಟೆಯಷ್ಟು ಹೊರಗಿನ ಓಡಾಟ ಬೇಕು, ಅದರಲ್ಲಿ ಒಂದಿಷ್ಟು ಹೊತ್ತಾದರೂ ಹಗ್ಗ ಬಿಚ್ಚಿದ ಓಟವಾಗಿರಬೇಕು. ಬೀದಿಯಲ್ಲಿ ಹಗ್ಗ ಹಿಡಿದು ಒಂದು ಸುತ್ತು ಹಾಕಿಸಿದರೆ ಅದಕ್ಕೆ ಲೆಕ್ಕಕ್ಕೇ ಬಾರದು. ಓಟ ಸಿಕ್ಕ ದಿನ ಸೋಫಾ ಪಕ್ಕ ಮಲಗಿ ನಿದ್ದೆಹೋಗುವ ನಾಯಿಯೇ, ಓಟ ಸಿಗದ ದಿನ ಚಪ್ಪಲಿ ಹರಿದು, ತೋಟ ಅಗೆದು ಹಾಕುತ್ತದೆ. ಐರ್ಲೆಂಡಿನ ಮಳೆ ಅದಕ್ಕೆ ಅಡ್ಡಿಯಲ್ಲ, ನಮಗೆ ಅಡ್ಡಿ. ಜಿಟಿಜಿಟಿ ಮಳೆಯಲ್ಲೂ ಹೊರಡುವ ಮನಸ್ಸಿದೆಯೇ ಎಂದು ಮೊದಲು ಯೋಚಿಸಿ.

ಒಂದು ಎಚ್ಚರಿಕೆ: ಮೂಳೆ ಬಲಿಯುವವರೆಗೆ, ಎಂದರೆ ಸುಮಾರು ಒಂದೂವರೆ ವರ್ಷದವರೆಗೆ, ಸೈಕಲ್ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಮರಿ ತಾನಾಗಿ ಆಡಿ ತಾನಾಗಿ ನಿಲ್ಲಲಿ.

ಕಲಿಸುವುದು ಹೇಗೆ?

ಮೊದಲ ಪಾಠ, ಕರೆದಾಗ ಬರುವುದು. ಉಳಿದದ್ದೆಲ್ಲ ಆಮೇಲೆ. ಹಕ್ಕಿಯ ವಾಸನೆ ಮೂಗಿಗೆ ಬಿದ್ದ ಮೇಲೆ ಹೆಸರು ಕೂಗಿದರೆ ಕೇಳಿಸದು, ಅದಕ್ಕೇ ಬೇಟೆಗಾರರು ಸೀಟಿ ಬಳಸುತ್ತಾರೆ. ಮರಿಗೆ ಊಟ ಇಡುವಾಗಲೆಲ್ಲ ಒಂದೇ ಬಗೆಯಲ್ಲಿ ಸೀಟಿ ಊದಿ. ಆಮೇಲೆ ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಬಯಲಿನಲ್ಲಿ. ಬಂದಾಗ ತಿಂಡಿ ಕೊಡಿ, ಮತ್ತೆ ಆಡಲು ಬಿಡಿ. ಮನೆಗೆ ಹೊರಡುವಾಗ ಮಾತ್ರ ಸೀಟಿ ಊದಿದರೆ, ಸೀಟಿ ಎಂದರೆ ಆಟ ಮುಗಿಯಿತು ಎಂದು ಅದು ಬೇಗ ತಿಳಿಯುತ್ತದೆ, ದೂರವೇ ಉಳಿಯುತ್ತದೆ.

ಹೊಡೆಯಲೇಬಾರದು. ಗದರಿದರೂ ಮುದುಡಿ ಮೂಲೆ ಸೇರುವ ನಾಯಿ ಇದು. ಒಮ್ಮೆ ನಂಬಿಕೆ ಹೋದರೆ ಮರಳಿ ಗಳಿಸಲು ತಿಂಗಳುಗಳು ಬೇಕು. ಹತ್ತು ನಿಮಿಷದ ಪಾಠ ದಿನಕ್ಕೆ ಎರಡು ಸಲ, ಅದೂ ಒಂದೇ ಸಮನೆ ಅಲ್ಲದೆ ಆಟದ ನಡುವೆ. ಹಕ್ಕಿ ತೋರಿಸುವುದನ್ನು ನೀವು ಕಲಿಸಬೇಕಿಲ್ಲ. ಎಷ್ಟೋ ಮರಿಗಳು ಎರಡು ಮೂರು ತಿಂಗಳಿಗೇ ತೋಟದ ಗುಬ್ಬಚ್ಚಿಯ ಮುಂದೆ ಒಂದು ಕಾಲೆತ್ತಿ ಕಲ್ಲಾಗಿ ನಿಲ್ಲುತ್ತವೆ.

ಇಬ್ಬರೂ ಆಫೀಸಿಗೆ ಹೋಗುತ್ತೇವೆ. ಒಂಟಿಯಾಗಿ ಬಿಡಬಹುದೇ?

ದಿನವಿಡೀ ಬಿಡುವುದಾದರೆ ಈ ತಳಿ ಬೇಡ. ಜನರ ಜೊತೆ ಇರಬೇಕೆಂಬ ಹಂಬಲ ಇದಕ್ಕೆ ಬಹಳ.

ಬೇಟೆಗೆ ಕರೆದೊಯ್ಯದೆ ಸಾಕಿದರೆ ಅದಕ್ಕೆ ಅನ್ಯಾಯವಾಗುವುದಿಲ್ಲವೇ?

ಅದಕ್ಕೆ ಬೇಕಿರುವುದು ಹುಡುಕಾಟ, ಓಟ ಮತ್ತು ಮೂಗಿಗೆ ಕೆಲಸ. ಹಕ್ಕಿ ಸಾಯಬೇಕೆಂದೇನೂ ಇಲ್ಲ. ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳಲ್ಲಿ ಗ್ರೌಸ್ ಹಕ್ಕಿಗಳ ಗಣತಿಗೆ ಸೆಟ್ಟರ್, ಪಾಯಿಂಟರ್‌ಗಳನ್ನೇ ಬಳಸುತ್ತಾರೆ, ಮನುಷ್ಯರಿಗೆ ಕಾಣದ ಹಕ್ಕಿಯನ್ನು ಅವು ತೋರಿಸುತ್ತವೆ. ಐರ್ಲೆಂಡಿನಲ್ಲಿ ಗ್ರೌಸ್ ಈಗ ಅಪಾಯದ ಪಟ್ಟಿಯಲ್ಲಿರುವ ಹಕ್ಕಿ. ಬೇಟೆಯ ಅವಧಿಯೂ ಸೆಪ್ಟೆಂಬರ್ ಒಂದೇ ತಿಂಗಳು. ಹಕ್ಕಿ ಉಳಿಯದಿದ್ದರೆ ಸೆಟ್ಟರ್‌ನ ಕೆಲಸವೂ ಉಳಿಯದು ಎಂದು ಇಲ್ಲಿನ ಎಷ್ಟೋ ಬೇಟೆಗಾರರೇ ಬಂದೂಕು ಬದಿಗಿಟ್ಟು ಸ್ಪರ್ಧೆ, ಗಣತಿಗಳಿಗಷ್ಟೇ ನಾಯಿ ಬಿಡುತ್ತಾರೆ. ಮನೆಯಲ್ಲಾದರೆ ತಿಂಡಿಯನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಹುಡುಕಿಸಿ, ಅದೇ ಒಳ್ಳೆಯ ಶುರು. ಮಾರ್ಚಿಯಿಂದ ಆಗಸ್ಟ್‌ವರೆಗೆ ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳಿರುವ ಬಯಲಿನಲ್ಲಿ ಮಾತ್ರ ಹಗ್ಗ ಬಿಚ್ಚಬೇಡಿ.

ಕೂದಲಿನ ಆರೈಕೆ ಕಷ್ಟವೇ?

ವಾರಕ್ಕೆ ಎರಡು ಮೂರು ಸಲ ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ ಸಿಕ್ಕು ಬೇಗ ಕಟ್ಟುತ್ತದೆ. ಇಳಿಬಿದ್ದ ಕಿವಿಯೊಳಗೆ ತೇವ ನಿಂತು ಸೋಂಕಾಗುವುದು ಸಾಮಾನ್ಯ, ಒದ್ದೆಯಾದಾಗಲೆಲ್ಲ ಒರೆಸಿ. ಬಯಲಿನಿಂದ ಬಂದಮೇಲೆ ಕಾಲ್ಬೆರಳ ಸಂದಿಯಲ್ಲಿ ಹುಲ್ಲಿನ ಮುಳ್ಳು ಸಿಕ್ಕಿದೆಯೇ ನೋಡಿ.

ಏನು ತಿನ್ನಿಸಬೇಕು? ಮನೆ ಊಟ ಕೊಡಬಹುದೇ?

ಕೊಡಬಹುದು, ಪಶುವೈದ್ಯರನ್ನು ಕೇಳಿ ಸಮತೋಲ ಮಾಡಿಕೊಂಡರೆ. ಈ ತಳಿಯ ಕೆಲವು ವಂಶಗಳಲ್ಲಿ ಗೋಧಿಯ ಗ್ಲೂಟನ್ ಕರುಳಿಗೆ ಒಗ್ಗದ ರೋಗವಿದೆ. ಮರಿ ಮೈಹಿಡಿಯದೆ ಬಡಕಲಾಗುತ್ತದೆ, ಬೇಧಿ ನಿಲ್ಲುವುದಿಲ್ಲ. ಅಂಥ ನಾಯಿಗೆ ಚಪಾತಿ, ಬ್ರೆಡ್ಡು ನಿಲ್ಲಿಸಬೇಕು. ನಮ್ಮ ಅಕ್ಕಿ, ರಾಗಿಗಳಲ್ಲಿ ಗ್ಲೂಟನ್ ಇಲ್ಲ. ಈರುಳ್ಳಿ ಹಾಕಿದ ಹುಳಿ, ಸಾಗು, ಪಲ್ಯ ಯಾವ ನಾಯಿಗೂ ಬೇಡ, ದ್ರಾಕ್ಷಿ, ಚಾಕೊಲೇಟೂ ಬೇಡ.

ಇದಕ್ಕಿಂತ ಮುಖ್ಯವಾದದ್ದು ಹೊಟ್ಟೆಯುಬ್ಬರ. ಆಳವಾದ ಎದೆಗೂಡಿನ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬಿ, ತಿರುಚಿಕೊಂಡುಬಿಡುತ್ತದೆ. ರಕ್ತದ ಓಡಾಟ ನಿಂತು ಕೆಲವೇ ಗಂಟೆಗಳಲ್ಲಿ ಸಾವು. ಹೊಟ್ಟೆ ಬಿಗಿದು ಉಬ್ಬಿದ್ದು, ವಾಂತಿಗೆ ಬಂದಂತೆ ಓಕರಿಸಿದರೂ ಏನೂ ಬಾರದಿರುವುದು, ಕೂರಲಾರದೆ ಚಡಪಡಿಸುವುದು, ಇವು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಿ, ಶಸ್ತ್ರಚಿಕಿತ್ಸೆಯೊಂದೇ ದಾರಿ. ದಿನದ ಊಟವನ್ನು ಎರಡು ಮೂರು ಪಾಲು ಮಾಡಿ, ತಿಂದ ಕೂಡಲೇ ಓಡಿಸಬೇಡಿ. ಸಂತಾನಹರಣದ ಶಸ್ತ್ರಚಿಕಿತ್ಸೆಯ ಹೊತ್ತಿಗೇ ಹೊಟ್ಟೆ ತಿರುಚದಂತೆ ಒಳಗೋಡೆಗೆ ಹೊಲಿಗೆ ಹಾಕಿಸುವವರೂ ಇದ್ದಾರೆ. ವೈದ್ಯರ ಜೊತೆ ಮಾತಾಡಿ.

ವಂಶದಿಂದ ಬರುವ ಕಾಯಿಲೆಗಳು ಯಾವುವು?

ಕಣ್ಣಿನ ರೋಗ ಮೊದಲನೆಯದು. ಮೊದಲು ಇರುಳುಗುರುಡು, ಆಮೇಲೆ ಪೂರ್ತಿ ಕುರುಡು. ಇದರ ಒಂದು ಬಗೆ ಮರಿ ವಯಸ್ಸಿಗೇ ಬರುತ್ತದೆ. ಇದಕ್ಕೆ ಕಾರಣವಾದ ಜೀನಿನ ದೋಷವನ್ನು 1993ರಲ್ಲಿ ಐರಿಶ್ ಸೆಟ್ಟರ್‌ಗಳಲ್ಲೇ ಕಂಡುಹಿಡಿದರು. ನಾಯಿಗಳ ಇಂಥ ಕುರುಡಿಗೆ ಜೀನು ಸಿಕ್ಕ ಮೊದಲ ಸಲ ಅದು. ಇನ್ನೊಂದು ಬಗೆ ಹೆಚ್ಚಾಗಿ ವಯಸ್ಸಾದ ಮೇಲೆ ತೋರುತ್ತದೆ, ಮರಿ ಹಾಕಿಸಿ ಮುಗಿದ ಮೇಲೆ ಗೊತ್ತಾಗುವುದರಿಂದ ಇದು ಹೆಚ್ಚು ಮೋಸದ್ದು. ಮೂರನೆಯದು ಕ್ಲ್ಯಾಡ್ ಎಂಬ ಬಿಳಿ ರಕ್ತಕಣಗಳ ದೋಷ, ಅಂಥ ಮರಿ ಸಣ್ಣ ಸೋಂಕನ್ನೂ ತಡೆಯಲಾರದೆ ಸಾಯುತ್ತದೆ. ಮೂರಕ್ಕೂ ಡಿಎನ್‌ಎ ಪರೀಕ್ಷೆ ಇದೆ. ಮೂರೂ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮರಿಯಲ್ಲಿ ಕಾಣುವಂಥವು. ಹಾಗಾಗಿ ಪರೀಕ್ಷೆ ಮಾಡಿಸಿ ಜೋಡಿ ಆರಿಸಿದರೆ ರೋಗದ ಮರಿ ಹುಟ್ಟುವುದೇ ಇಲ್ಲ. ಇಷ್ಟು ಸುಲಭವಿರುವಾಗಲೂ ಪರೀಕ್ಷೆ ಮಾಡಿಸದೆ ಮರಿ ಮಾಡಿಸುವವರನ್ನು ನಾನು ಕ್ಷಮಿಸಲಾರೆ.

ಸೊಂಟದ ಕೀಲಿನ ದೋಷ, ಥೈರಾಯ್ಡ್ ಕೊರತೆ, ಮೂರ್ಛೆರೋಗ, ಮೂಳೆಯ ಕ್ಯಾನ್ಸರ್ ಕೂಡ ಕಾಣುತ್ತವೆ. ಚೆನ್ನಾಗಿ ಸಾಕಿದ ನಾಯಿ 12 ವರ್ಷ ದಾಟುವುದು ಅಪರೂಪವಲ್ಲ.

ಕರ್ನಾಟಕದಲ್ಲಿ ಸಾಕಬಹುದೇ?

ನನ್ನನ್ನು ಕೇಳಿದರೆ ಬೇಡ. ಬೆಂಗಳೂರು, ಕೊಡಗು, ಚಿಕ್ಕಮಗಳೂರಿನ ತಂಪಿನಲ್ಲಿ ಬದುಕೀತು, ಕಲಬುರಗಿ ರಾಯಚೂರಿನ ಬೇಸಿಗೆಯಲ್ಲಿ ಆ ಕೂದಲು ಹೊತ್ತ ನಾಯಿಗೆ ಹಿಂಸೆ. ಉಣ್ಣಿಗಳಿಂದ ಬರುವ ಜ್ವರ ನಮ್ಮಲ್ಲಿ ನಾಯಿಗಳನ್ನು ಬಹಳ ಕಾಡುತ್ತದೆ, ಉದ್ದ ಕೂದಲಿನೊಳಗೆ ಉಣ್ಣಿ ಹುಡುಕುವುದೇ ಕಷ್ಟ. ಹಗ್ಗ ಬಿಚ್ಚಿ ಓಡಿಸುವ ಬಯಲೆಲ್ಲಿ? ಅದರ ಕೆಲಸಕ್ಕಂತೂ ದಾರಿಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಕೋಳಿ, ಗೌಜಲಕ್ಕಿ, ನವಿಲುಗಳ ಬೇಟೆ ಅಪರಾಧ, ಅದು ಹಾಗೇ ಇರಬೇಕು. ವಿದೇಶದಿಂದ ನಾಯಿ ತರುವುದಕ್ಕೂ ಭಾರತದಲ್ಲಿ ಬಿಗಿ ನಿಯಮಗಳಿವೆ.

ಬೇಟೆಯ ತಳಿಯೇ ಬೇಕೆಂದರೆ ನಮ್ಮ ಮುಧೋಳ ನಾಯಿ ಇದೆ. ಅದರದು ಬೇರೆ ಕಸುಬು: ಮೂಗಿನಿಂದಲ್ಲ, ಕಣ್ಣಿನಿಂದ ನೋಡಿ ಅಟ್ಟಿಸಿಕೊಂಡು ಹೋಗುವುದು. ಬಾಗಲಕೋಟೆಯ ಬಿಸಿಲಿಗೆ ಹುಟ್ಟಿದ ಮೈ, ಮೋಟು ಕೂದಲು. ಅದಕ್ಕೂ ಓಟ ಬೇಕು, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ಅಷ್ಟೇ ಹಿಂಸೆ.

ಐರ್ಲೆಂಡಿನಲ್ಲಿ ಮರಿ ತರುವಾಗ ಏನೇನು ನೋಡಬೇಕು?

ತಾಯಿಯ ಜೊತೆ ಮರಿಯನ್ನು, ಅದು ಹುಟ್ಟಿದ ಮನೆಯಲ್ಲೇ ನೋಡಿ. ಪೆಟ್ರೋಲ್ ಬಂಕಿನಲ್ಲಿ ಭೇಟಿಯಾಗೋಣ ಎನ್ನುವವರಿಂದ ಕೊಳ್ಳಬೇಡಿ. ಡಿಎನ್‌ಎ ಪರೀಕ್ಷೆಯ ಪತ್ರಗಳನ್ನು ಕೈಗೆ ಕೇಳಿ, ಬಾಯಿಮಾತು ಸಾಲದು. ಅಜ್ಜ ಅಜ್ಜಿ ನಾಯಿಗಳಲ್ಲಿ ಯಾವುದಕ್ಕಾದರೂ ಹೊಟ್ಟೆಯುಬ್ಬರ, ಮೂರ್ಛೆ ಬಂದಿತ್ತೇ ಎಂದೂ ಕೇಳಿ. 2016ರಿಂದ ಇಲ್ಲಿ ಎಲ್ಲ ನಾಯಿಗಳಿಗೂ ಮೈಕ್ರೋಚಿಪ್ ಕಡ್ಡಾಯ, ಮರಿಯ ಜಾಹೀರಾತಿನಲ್ಲೇ ಅದರ ಸಂಖ್ಯೆ ಇರಬೇಕು. ಎಂಟು ವಾರ ತುಂಬದ ಮರಿಯನ್ನು ತರಬೇಡಿ. ನಾಯಿಗೆ ನಾಲ್ಕು ತಿಂಗಳಾದ ಮೇಲೆ ಲೈಸೆನ್ಸ್ ಬೇಕು, ವರ್ಷಕ್ಕೆ 20 ಯೂರೊ, ಜೀವಮಾನಕ್ಕೆ 140.

ಬೇಟೆ ವಂಶದವರು ನಿಮ್ಮನ್ನೇ ಮರುಪ್ರಶ್ನೆ ಮಾಡುತ್ತಾರೆ: ಮನೆಯಲ್ಲಿ ಹಗಲು ಯಾರಿರುತ್ತಾರೆ, ಎಲ್ಲಿ ಓಡಿಸುತ್ತೀರಿ, ಬೇಲಿ ಎಷ್ಟೆತ್ತರ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಹಾಗೆ ಕೇಳುವವರ ಹತ್ತಿರವೇ ಮರಿ ತನ್ನಿ. ಕೊನೆಯ ಪ್ರಶ್ನೆಗೆ ನಮ್ಮವರಲ್ಲಿ ಎಷ್ಟೋ ಮಂದಿಯ ಬಳಿ ಉತ್ತರವಿರುವುದಿಲ್ಲ. ವರ್ಷಕ್ಕೊಮ್ಮೆ ತಿಂಗಳುಗಟ್ಟಲೆ ಊರಿಗೆ ಹೋಗುವವರು ಅದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮರಿಯೇ ಬೇಕೇ? ದೊಡ್ಡ ನಾಯಿಯನ್ನು ದತ್ತು ತೆಗೆದುಕೊಳ್ಳಬಹುದೇ?

ಖಂಡಿತ. ಓಟಕ್ಕೆ ಸಮಯವಿಲ್ಲದೆ ಬಿಟ್ಟುಕೊಟ್ಟ ಸೆಟ್ಟರ್‌ಗಳು ಆಶ್ರಯಧಾಮಗಳಲ್ಲಿ ಸಿಗುತ್ತವೆ. ಸ್ಪರ್ಧೆಗೆ ವೇಗ ಸಾಲದೆಂದು ಬೇಟೆಗಾರರು ಮನೆ ಹುಡುಕಿಕೊಡುವ ನಾಯಿಗಳೂ ಇರುತ್ತವೆ. ನಾಲ್ಕೈದು ವರ್ಷದ್ದಾದರೆ ಮರಿತನದ ಗಲಾಟೆ ಮುಗಿದಿರುತ್ತದೆ, ಸ್ವಭಾವ ಏನೆಂದು ಕಣ್ಣಿಗೆ ಕಾಣುತ್ತದೆ. ಮೊದಲ ಸಲ ನಾಯಿ ಸಾಕುವ ಮನೆಗೆ ನಾನು ಹೇಳುವುದು ಇದನ್ನೇ. ಗೂಡುಗಳಲ್ಲಿ ಬೆಳೆದ ಬೇಟೆ ನಾಯಿಗೆ ಮನೆಯೊಳಗಿನ ಮೆಟ್ಟಿಲು, ಟಿವಿ, ವಾಷಿಂಗ್ ಮಷಿನ್ ಎಲ್ಲ ಹೊಸದು, ಉಚ್ಚೆಗೆ ಹೊರಗೆ ಹೋಗಬೇಕೆಂಬುದೂ ಗೊತ್ತಿರುವುದಿಲ್ಲ. ಮೊದಲ ಕೆಲವು ವಾರ ಅದನ್ನೊಂದು ಶಾಂತ ಕೋಣೆಯಲ್ಲಿ ಇರಿಸಿ, ಬಂಧುಬಳಗವನ್ನೆಲ್ಲ ಕರೆದು ತೋರಿಸುವುದನ್ನು ಮುಂದಕ್ಕೆ ಹಾಕಿ, ಸೀಟಿಗೆ ಮರಳಿ ಬರುವುದು ಖಾತ್ರಿಯಾಗುವವರೆಗೆ ಉದ್ದ ಹಗ್ಗ ಬಿಚ್ಚಬೇಡಿ.